ದೊಡ್ಡಪ್ಪನ ಹಾಡುಗಳು ಫ್ಲಾಪಿಯಲ್ಲಿವೆ, ಈಗಿನ ಕಂಪ್ಯೂಟರಿನಲ್ಲಿ ಓದುವುದು ಹೇಗೆ?

ಹೊಳೆಸಾಲು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಸಾಗರದ ಕಡೆ ಶಾಲೆ ಮೇಷ್ಟ್ರಾಗಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಹಾಡುವ ಸೋಬಾನೆ, ಬೀಸುವ ಪದ, ನಾಟಿ ಹಾಡು, ದೀಪಾವಳಿಯಲ್ಲಿ ಗಂಡಸರು ಹಾಡುವ ಅಂಟಿಗೆ ಪಂಟಿಗೆ ಪದಗಳು ಎಲ್ಲವನ್ನೂ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಪುಸ್ತಕ ಮಾಡೋಣ ಅಂತ ಒಂದು ಡಿಟಿಪಿ ಸೆಂಟರಿನಲ್ಲಿ ಟೈಪ್ ಮಾಡಿಸಿದರು. ಪುಸ್ತಕ ಬರಲೇ ಇಲ್ಲ. ದೊಡ್ಡಪ್ಪ ಈಗಿಲ್ಲ. ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿದು ಹೋಯಿತು. ಹಾಡು ಹೇಳಿದ ಅಜ್ಜಿಯರಲ್ಲಿ ಈಗ ಯಾರೂ ಇಲ್ಲ ಅಂತಲೇ ಹೇಳಬೇಕು.

ಉಳಿದಿರುವುದು ಒಂದು ಡಬ್ಬಿ ಫ್ಲಾಪಿ. ಹೆಚ್ಚಿನವು ಗಟ್ಟಿ ಪ್ಲಾಸ್ಟಿಕ್ಕಿನ ಮೂರೂವರೆ ಇಂಚಿನವು. ಮೇಲೆ ದೊಡ್ಡಪ್ಪನ ಕೈಬರಹದಲ್ಲಿ "ಸೋಬಾನೆ 1", "ಸೋಬಾನೆ 2", "ಫಾಂಟ್", "ಬ್ಯಾಕಪ್ 1", "ಬ್ಯಾಕಪ್ 2" ಹೀಗೆ ಇದೆ. ಕೆಲವು ಮಾತ್ರ ದೊಡ್ಡವು, ಬಗ್ಗುವಂಥವು, ಐದೂಕಾಲು ಇಂಚಿನವು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದನ್ನು ತರಿಸಿದ್ದೇನೆ. ಲೇಬಲ್ ಇಲ್ಲದ ಒಂದು ಫ್ಲಾಪಿ ಹಾಕಿ ನೋಡಿದೆ. ಡಿಸ್ಕ್ ಫಾರ್ಮ್ಯಾಟ್ ಮಾಡಬೇಕಾ ಅಂತ ವಿಂಡೋಸ್ ಕೇಳಿತು. ಬೇಡ ಅಂತ ಒತ್ತಿ ಹೊರಗೆ ತೆಗೆದೆ. ಈಗ ಮುಂದೆ ಏನು ಮಾಡಲಿ? ಗೊತ್ತಿರುವವರು ಹೇಳಿ.

ಬೆಸುಗೆ ಬರೆದದ್ದು:

ಮೇಡಂ, ಬೇಡ ಅಂತ ಒತ್ತಿದ್ದು ತುಂಬಾ ಒಳ್ಳೆಯದಾಯಿತು. ಆ ಪ್ರಶ್ನೆ ಬಂದ ಮಾತ್ರಕ್ಕೆ ಡಿಸ್ಕ್ ಖಾಲಿ ಅಂತಲ್ಲ. ಅದರ ಮೊದಲ ಭಾಗ ವಿಂಡೋಸ್‌ಗೆ ಅರ್ಥವಾಗಲಿಲ್ಲ ಅಂತ ಅಷ್ಟೇ. ಆ ಫ್ಲಾಪಿಯನ್ನು ಬೇರೆಯಾಗಿ ಎತ್ತಿಡಿ.

ಇನ್ನೊಂದು ಫ್ಲಾಪಿ ಹಾಕುವ ಮೊದಲು ಎರಡು ಕೆಲಸ ಮಾಡಿ. ಮೊದಲನೆಯದು ಬರೆಯದಂತೆ ಬೀಗ ಹಾಕುವುದು. ಮೂರೂವರೆ ಇಂಚಿನ ಫ್ಲಾಪಿಯ ಹಿಂಬದಿ ಮೂಲೆಯಲ್ಲಿ ಜಾರುವ ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ಕಿಂಡಿ ತೆರೆದು ಆಚೆ ಬದಿ ಕಾಣುವ ಹಾಗೆ ಅದನ್ನು ಸರಿಸಿ. ಕಿಂಡಿ ತೆರೆದಿದ್ದರೆ ಡ್ರೈವ್ ಅದರ ಮೇಲೆ ಏನನ್ನೂ ಬರೆಯುವುದಿಲ್ಲ. ಐದೂಕಾಲು ಇಂಚಿನದರಲ್ಲಿ ಇದು ಉಲ್ಟಾ. ಅಂಚಿನಲ್ಲಿ ಕಚ್ಚಿದಂತೆ ಇರುವ ಜಾಗವನ್ನು ಬೆಳಕು ತೂರದ ಟೇಪಿನಿಂದ ಮುಚ್ಚಿದರೆ ಬೀಗ.

ಎರಡನೆಯದು ಬೂಷ್ಟು. ಸಾಗರದ ಕಡೆ ಅಂದರೆ ಮಲೆನಾಡು, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ಲೋಹದ ಮುಚ್ಚಳವನ್ನು ಬೆರಳಿನಿಂದ ಸರಿಸಿ ಹಿಡಿಯಿರಿ. ಹಿಂದಿನ ಲೋಹದ ಬಿಲ್ಲೆಯನ್ನು ನಿಧಾನವಾಗಿ ತಿರುಗಿಸಿ. ಒಳಗಿನ ಕಂದು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಎರಡೂ ಕಡೆ ನೋಡಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಗುರುತು, ಇಲ್ಲವೇ ವೃತ್ತಾಕಾರದ ಗೀರು ಕಂಡರೆ ಡ್ರೈವಿಗೆ ಹಾಕಲೇಬೇಡಿ. ಬೂಷ್ಟು ಡ್ರೈವಿನ ಹೆಡ್ಡಿಗೆ, ಅಂದರೆ ಓದುವ ಭಾಗಕ್ಕೆ, ಅಂಟಿಕೊಳ್ಳುತ್ತದೆ. ಆಮೇಲೆ ಅದೇ ಹೆಡ್ಡು ಮುಂದಿನ ಒಳ್ಳೆಯ ಫ್ಲಾಪಿಗಳನ್ನೂ ಕೆರೆದು ಹಾಕುತ್ತದೆ. ಫ್ಲಾಪಿಯಲ್ಲಿ ಹೆಡ್ಡು ಹಾಳೆಯನ್ನು ಮುಟ್ಟಿಕೊಂಡೇ ಓದುವುದು, ಹಾರ್ಡ್ ಡಿಸ್ಕಿನ ಹಾಗೆ ಮೇಲೆ ತೇಲುವುದಿಲ್ಲ. ಕೆರೆದುಹೋದ ಲೇಪನದ ಜೊತೆ ಅಕ್ಷರವೂ ಹೋಯಿತು ಅಂತಲೇ ಲೆಕ್ಕ.

ಮುಚ್ಚಳ ಸೊಟ್ಟಗಾಗಿದ್ದರೆ ಅದನ್ನು ಪೂರ್ತಿ ಕಿತ್ತು ತೆಗೆದೇ ಹಾಕಿ. ಸೊಟ್ಟ ಮುಚ್ಚಳ ಡ್ರೈವಿನೊಳಗೆ ಸಿಕ್ಕಿಕೊಂಡರೆ ಹೊರಗೆ ಎಳೆಯುವಾಗ ಹೆಡ್ಡೇ ಕಿತ್ತು ಬರಬಹುದು.

ನಿಧಾನಿ ಬರೆದದ್ದು:

ಇಷ್ಟೆಲ್ಲ ಯಾಕೆ ಸರ್? ಡ್ರೈವ್ ಇದೆ, ಫ್ಲಾಪಿ ಇದೆ. ಹಾಕಿ, ಕಾಣುವ ಫೈಲುಗಳನ್ನು ಕಾಪಿ ಮಾಡಿ, ಪೇಸ್ಟ್ ಮಾಡಿ. ಬರದಿದ್ದನ್ನು ಡೇಟಾ ರಿಕವರಿ ಅಂಗಡಿಗೆ ಕೊಡಿ. ನಾನು ನನ್ನ ಕಾಲೇಜಿನ ಫ್ಲಾಪಿಗಳನ್ನು ಹೀಗೇ ತೆಗೆದೆ.

ಕುಡ್ಲದ ಪೆಂಗ್ವಿನ್ ಬರೆದದ್ದು:

ನಿಧಾನಿಯವರೇ, ಫ್ಲಾಪಿ ಚೆನ್ನಾಗಿದ್ದರೆ ನಿಮ್ಮ ದಾರಿಯೂ ನಡೆಯುತ್ತದೆ. ಆದರೆ ಇಲ್ಲಿ ಬೇರೆ ಪ್ರತಿ ಎಲ್ಲೂ ಇಲ್ಲ. ಹಾಗಿರುವಾಗ ಫೈಲ್ ಕಾಪಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ಹಳೆ ಫ್ಲಾಪಿ ಇನ್ನೂ ಎಷ್ಟು ಸಲ ಓದಿಸಿಕೊಳ್ಳುತ್ತದೆ ಅಂತ ಯಾರೂ ಹೇಳಲು ಬರುವುದಿಲ್ಲ. ಫೈಲ್ ಕಾಪಿ ಮಾಡುವಾಗ ಹೆಡ್ಡು ಪ್ರತಿ ಫೈಲಿಗೂ ಫೈಲುಗಳ ಪಟ್ಟಿ ಇರುವ ಮೊದಲ ಟ್ರ್ಯಾಕಿಗೆ (ಟ್ರ್ಯಾಕ್ ಅಂದರೆ ಹಾಳೆಯ ಮೇಲಿನ ಒಂದು ವೃತ್ತ) ಹೋಗಿ ಬರುತ್ತಿರುತ್ತದೆ. ಎಲ್ಲೋ ಒಂದು ಸೆಕ್ಟರ್, ಅಂದರೆ ಟ್ರ್ಯಾಕಿನ 512 ಬೈಟಿನ ಒಂದು ತುಂಡು, ಕೆಟ್ಟಿದ್ದರೆ ವಿಂಡೋಸ್ ಅಲ್ಲೇ ಮತ್ತೆ ಮತ್ತೆ ಉಜ್ಜುತ್ತದೆ. ಕೊನೆಗೆ ಇಡೀ ಫೈಲನ್ನೇ ಕೈಬಿಡುತ್ತದೆ. 512 ಬೈಟ್ ಕೆಟ್ಟಿದ್ದಕ್ಕೆ ಇಡೀ ಅಧ್ಯಾಯ ಹೋಗುತ್ತದೆ.

ಅದರ ಬದಲು ಇಡೀ ಡಿಸ್ಕಿನ ಇಮೇಜ್ ತೆಗೆಯಬೇಕು. 1.44 ಎಂಬಿ ಫ್ಲಾಪಿಯಲ್ಲಿ 80 ಟ್ರ್ಯಾಕ್, 2 ಮುಖ, ಟ್ರ್ಯಾಕಿಗೆ 18 ಸೆಕ್ಟರ್, ಒಟ್ಟು 2,880 ಸೆಕ್ಟರ್. ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಒಂದೇ ಫೈಲಿಗೆ ಇಳಿಸಿದರೆ 14,74,560 ಬೈಟ್ ಆಗುತ್ತದೆ. ಒಳ್ಳೆಯ ಫ್ಲಾಪಿಗೆ ಒಂದು ನಿಮಿಷದ ಆಸುಪಾಸು ಸಾಕು. ಆಮೇಲೆ ಮೂಲ ಫ್ಲಾಪಿಯನ್ನು ಮುಟ್ಟಬೇಕಾಗಿಲ್ಲ. ಮುಂದಿನ ಕೆಲಸವೆಲ್ಲ ಇಮೇಜಿನ ಮೇಲೆ, ಅದೂ ಇಮೇಜಿನ ಇನ್ನೊಂದು ಪ್ರತಿಯ ಮೇಲೆ.

ಲಿನಕ್ಸ್‌ನಲ್ಲಿ ಇದಕ್ಕೆ ಗ್ನೂ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಇದೆ. ಉಬುಂಟು ಅನ್ನುವ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಬಹುದು, ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಬೇಕಾಗಿಲ್ಲ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಅಲ್ಲೇ ಕೂರದೆ ಮುಂದೆ ಹೋಗುತ್ತದೆ. ಯಾವುದು ಬಂತು, ಯಾವುದು ಬರಲಿಲ್ಲ ಅನ್ನುವುದನ್ನು ಮ್ಯಾಪ್ ಫೈಲ್ ಅಂತ ಒಂದು ಪುಟ್ಟ ಫೈಲಿನಲ್ಲಿ ಬರೆದಿಡುತ್ತದೆ. ಎರಡನೇ ಸುತ್ತಿನಲ್ಲಿ ಬರದಿದ್ದ ಸೆಕ್ಟರುಗಳಿಗೆ ಮಾತ್ರ ಕೈ ಹಾಕುತ್ತದೆ. ವಿಂಡೋಸ್ ಬಿಟ್ಟು ಬರುವುದು ಕಷ್ಟ ಅಂದರೆ ವಿನ್‌ಇಮೇಜ್ ಬಳಸಿ. ಆದರೆ ಕೆಟ್ಟ ಫ್ಲಾಪಿಗಳಿಗೆ ನಾನು ಡಿಡಿರೆಸ್ಕ್ಯೂ ಅನ್ನೇ ಹೇಳುತ್ತೇನೆ.

ಚೆಕ್‌ಡಿಸ್ಕ್‌ನಂಥ ರಿಪೇರಿ ಉಪಕರಣಗಳನ್ನು ಮೂಲ ಫ್ಲಾಪಿಯ ಮೇಲೆ ಯಾವತ್ತೂ ಓಡಿಸಬೇಡಿ. ಅವು ಸರಿಮಾಡುವ ಹೆಸರಿನಲ್ಲಿ ಫ್ಲಾಪಿಯ ಮೇಲೆ ಬರೆಯುತ್ತವೆ.

ಅಚ್ಚುಮನೆ ಬರೆದದ್ದು:

ನಾನು ಆ ಕಾಲದಲ್ಲಿ ಡಿಟಿಪಿ ಕೆಲಸ ಮಾಡಿದವನು. ಪೆಂಗ್ವಿನ್ ಅವರ ಮಾತಿಗೆ ನಮ್ಮ ಕಡೆಯಿಂದ ಇನ್ನೊಂದು ಕಾರಣ ಸೇರಿಸುತ್ತೇನೆ.

"ಬ್ಯಾಕಪ್ 1, 2" ಅಂತ ಇದೆ ಅಂದಿರಲ್ಲ ತಂಗಿ, ಅವು ಒಂದೇ ದೊಡ್ಡ ಫೈಲಿನ ತುಂಡುಗಳಾಗಿರುವ ಸಾಧ್ಯತೆ ಜಾಸ್ತಿ. ಪುಸ್ತಕದ ಫೈಲು ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿರಲಿಲ್ಲ. ಆಗ ಫೈಲನ್ನು ಕುಗ್ಗಿಸಿ ತುಂಡು ಮಾಡುವ ಪಿಕೆಜಿಪ್ ಇಲ್ಲವೇ ಎಆರ್‌ಜೆ ಹಾಕಿ ಹಲವು ಫ್ಲಾಪಿಗೆ ಹಂಚುತ್ತಿದ್ದೆವು. ಪಿಕೆಜಿಪ್ ಹೀಗೆ ಹಂಚುವಾಗ ಪ್ರತಿ ಡಿಸ್ಕಿಗೂ ಪಿಕೆಬ್ಯಾಕ್ 001, 002 ಅಂತ ಲೇಬಲ್ ಕೊಡುತ್ತಿತ್ತು. ಅದು ಹೊರಗಿನ ಚೀಟಿಯಲ್ಲ, ಡಿಸ್ಕಿನೊಳಗಿನ ಹೆಸರು. ಬಿಚ್ಚುವಾಗ ಆ ಹೆಸರು ನೋಡಿಯೇ ಯಾವ ಡಿಸ್ಕ್ ಅಂತ ಗುರುತಿಸುವುದು. ಫೈಲ್ ಮಾತ್ರ ಕಾಪಿ ಮಾಡಿದರೆ ಆ ಹೆಸರು ಹಿಂದೆಯೇ ಉಳಿಯುತ್ತದೆ. ಮೇಲಾಗಿ ಎಲ್ಲ ಫ್ಲಾಪಿಯಲ್ಲೂ ಫೈಲಿನ ಹೆಸರು ಒಂದೇ ಇರುತ್ತದೆ. ಒಂದೇ ಫೋಲ್ಡರಿಗೆ ಹಾಕಿದರೆ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತದೆ. ಇಮೇಜ್ ತೆಗೆದರೆ ಈ ತಾಪತ್ರಯ ಇಲ್ಲ. ಡಾಸ್ ಅಂದರೆ ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ, ಅದನ್ನು ಈಗಿನ ಕಂಪ್ಯೂಟರಿನಲ್ಲಿ ಅನುಕರಿಸುವುದು ಡಾಸ್‌ಬಾಕ್ಸ್. ಡಾಸ್‌ಬಾಕ್ಸ್‌ನಲ್ಲಿ ಇಮೇಜುಗಳನ್ನು ಒಂದೊಂದಾಗಿ ಎ ಡ್ರೈವಿಗೆ ಕೂರಿಸಿ ಹಳೆಯ ಪಿಕೆಅನ್‌ಜಿಪ್ಪನ್ನೇ ನಡೆಸಬಹುದು.

ಡಾಸ್‌ನ ಬ್ಯಾಕಪ್ ಕಮ್ಯಾಂಡ್ ಬಳಸಿದ್ದರೆ ಕಥೆ ಬೇರೆ. ಅದಕ್ಕೆ ಡಾಸ್‌ನ ರಿಸ್ಟೋರ್ ಬೇಕು. ಮೊದಲು ಒಳಗೆ ಏನಿದೆ ಅಂತ ನೋಡಿ ಹೇಳಿ.

ಇನ್ನೊಂದು ಮಾತು. "ಫಾಂಟ್" ಅಂತ ಬರೆದಿರುವ ಫ್ಲಾಪಿ ಇದೆಯಲ್ಲ, ಆ ಡಬ್ಬಿಯಲ್ಲಿ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದನ್ನು ಮೊದಲು ಓದಿ. ಯಾಕೆ ಅಂತ ಆಮೇಲೆ ವಿವರವಾಗಿ ಬರೆಯುತ್ತೇನೆ.

ನಿಧಾನಿ ಬರೆದದ್ದು:

ಹಂಚಿದ ಜಿಪ್ ಫೈಲಿನ ವಿಷಯ ನನಗೆ ಗೊತ್ತಿರಲಿಲ್ಲ. ಹಾಗಾದರೆ ಇಮೇಜ್ ತೆಗೆಯುವುದೇ ಸರಿ. ಆದರೂ ಬೂಷ್ಟು ಹಿಡಿದದ್ದನ್ನು ಮನೆಯಲ್ಲಿ ತೊಳೆಯುವುದಕ್ಕಿಂತ ತಿಳಿದವರಿಗೆ ಕೊಡುವುದು ವಾಸಿ ಅನ್ನುವ ಮಾತಿಗೆ ನಾನು ಈಗಲೂ ಬದ್ಧ.

ಬೆಸುಗೆ ಬರೆದದ್ದು:

ಅದನ್ನು ನಾನೂ ಒಪ್ಪುತ್ತೇನೆ. ಕೈ ಪಳಗಿಲ್ಲದಿದ್ದರೆ ಮೊದಲು ಬೇಡದ ಫ್ಲಾಪಿಯ ಮೇಲೆ ಕಲಿಯಿರಿ. ವಿಧಾನ ಇಷ್ಟೇ. ಐಸೋಪ್ರೊಪೈಲ್ ಆಲ್ಕೋಹಾಲ್, 99 ಶೇಕಡಾದ್ದು. ನೂಲು ಬಿಡದ ಮೆತ್ತನೆ ಬಟ್ಟೆ ಸುತ್ತಿದ ಕಡ್ಡಿ. ಬೂಷ್ಟಿನ ಚುಕ್ಕೆಯನ್ನು ಹಗುರವಾಗಿ ಒರೆಸಿ, ಸ್ವಲ್ಪ ತಿರುಗಿಸಿ, ಮತ್ತೆ ಒರೆಸಿ. ಒತ್ತಬೇಡಿ. ಕಡ್ಡಿಗೆ ಕಂದು ಬಣ್ಣ ಹತ್ತಿದರೆ ಲೇಪನವೇ ಏಳುತ್ತಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಿ. ಒರೆಸಿದ ಮೇಲೆ ಪೂರ್ತಿ ಒಣಗಲು ಬಿಡಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಬೂಷ್ಟಿನ ಧೂಳು ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿಕೊಳ್ಳಿ.

ಡ್ರೈವಿನ ಹೆಡ್ಡನ್ನೂ ಆಗಾಗ ಅದೇ ಆಲ್ಕೋಹಾಲ್‌ನಿಂದ ಒರೆಸುತ್ತಿರಿ. ಒಂದು ಫ್ಲಾಪಿ ಓದುವಾಗ ಕೀರಲು ಶಬ್ದ ಬಂದರೆ ಆ ಕ್ಷಣವೇ ಹೊರಗೆ ತೆಗೆಯಿರಿ.

ಹೊಳೆಸಾಲು ಬರೆದದ್ದು:

ಎಲ್ಲರಿಗೂ ಧನ್ಯವಾದ. ಉಬುಂಟು ಪೆನ್‌ಡ್ರೈವಿನಿಂದ ಕೆಲಸ ಶುರು ಮಾಡಿದೆ. ಹೆಚ್ಚಿನ ಫ್ಲಾಪಿಗಳು ಮೊದಲ ಸುತ್ತಿನಲ್ಲೇ ಪೂರ್ತಿ ಬಂದವು! "ಫಾಂಟ್" ಫ್ಲಾಪಿ ಚೆನ್ನಾಗಿದೆ. ಕೆಲವದರಲ್ಲಿ ನಡುವೆ ಅಲ್ಲಲ್ಲಿ ಸೆಕ್ಟರ್ ಬಿಟ್ಟಿದೆ. "ಸೋಬಾನೆ 2" ಮಾತ್ರ ತಲೆನೋವು. ಮೊದಲ ಟ್ರ್ಯಾಕೇ ಓದುತ್ತಿಲ್ಲ, ಮುಂದಿನದೆಲ್ಲ ಬಂದಿದೆ. ಇಮೇಜ್ ತೆರೆದರೆ ಒಂದು ಫೈಲೂ ಕಾಣುವುದಿಲ್ಲ. ಎಲ್ಲ ಹೋಯಿತಾ?

ಕುಡ್ಲದ ಪೆಂಗ್ವಿನ್ ಬರೆದದ್ದು:

ಹೋಗಿಲ್ಲ. ಪುಸ್ತಕದ ಪರಿವಿಡಿ ಹರಿದಿದೆ, ಪುಟಗಳು ಹಾಗೇ ಇವೆ.

ಡಾಸ್ ಫ್ಲಾಪಿಯಲ್ಲಿ ಫ್ಯಾಟ್12 ಅನ್ನುವ ವ್ಯವಸ್ಥೆ ಇರುತ್ತದೆ. 1.44 ಎಂಬಿಯದರಲ್ಲಿ ಮೊದಲ ಸೆಕ್ಟರ್ ಡಿಸ್ಕಿನ ಅಳತೆ ಹೇಳುವ ಬೂಟ್ ಸೆಕ್ಟರ್. ಆಮೇಲೆ ಯಾವ ಫೈಲ್ ಎಲ್ಲೆಲ್ಲಿದೆ ಅನ್ನುವ ಫ್ಯಾಟ್ ಕೋಷ್ಟಕ 9 ಸೆಕ್ಟರ್, ಅದರದೇ ಎರಡನೇ ಪ್ರತಿ ಇನ್ನೊಂದು 9 ಸೆಕ್ಟರ್, ನಂತರ ಫೈಲುಗಳ ಹೆಸರಿನ ಪಟ್ಟಿ 14 ಸೆಕ್ಟರ್. ಅಂದರೆ ಮೊದಲ 33 ಸೆಕ್ಟರುಗಳಲ್ಲಿ ಎಲ್ಲ ಲೆಕ್ಕಪತ್ರ ಮುಗಿಯುತ್ತದೆ. ಇವೆಲ್ಲ ಮೊದಲ ಟ್ರ್ಯಾಕಿನ ಎರಡು ಮುಖಗಳಲ್ಲೇ ಕೂತಿವೆ. ದುರದೃಷ್ಟ ಅಂದರೆ ಫ್ಲಾಪಿಯಲ್ಲಿ ಹೆಡ್ಡು ಅತಿ ಹೆಚ್ಚು ಓಡಾಡಿದ ಜಾಗವೂ ಅದೇ. ಹಾಗಾಗಿ ಬಹಳ ಸಲ ಮೊದಲು ಸವೆಯುವುದು ಅದೇ.

ಈಗ ಮಾಡಬೇಕಾದ್ದು. ಎಲ್ಲಕ್ಕಿಂತ ಮೊದಲು ಬೇರೆ ಡ್ರೈವಿನಲ್ಲಿ ಓದಿಸಿ. ಪ್ರತಿ ಡ್ರೈವಿನ ಹೆಡ್ಡು ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಒಂದರಲ್ಲಿ ಬಾರದ ಸೆಕ್ಟರ್ ಇನ್ನೊಂದರಲ್ಲಿ ಬರುವುದು ತೀರಾ ಸಾಮಾನ್ಯ. ಅದೇ ಇಮೇಜ್, ಅದೇ ಮ್ಯಾಪ್ ಫೈಲ್ ಕೊಟ್ಟು ಡಿಡಿರೆಸ್ಕ್ಯೂ ಮುಂದುವರಿಸಿ. ಬಿಟ್ಟುಹೋದ ಸೆಕ್ಟರುಗಳನ್ನು ಮಾತ್ರ ಅದು ತುಂಬುತ್ತದೆ. ಹಳೆ ಲ್ಯಾಪ್‌ಟಾಪ್, ಹಳೆ ಡೆಸ್ಕ್‌ಟಾಪ್ ಎಲ್ಲಾದರೂ ಸಿಕ್ಕರೆ ಕೇಳಿ ನೋಡಿ.

ಆಗಲೂ ಬೂಟ್ ಸೆಕ್ಟರ್ ಬರದಿದ್ದರೆ ಹೆದರಬೇಡಿ. 1.44 ಎಂಬಿ ಡಾಸ್ ಫ್ಲಾಪಿಗಳ ಲೆಕ್ಕ ಎಲ್ಲ ಒಂದೇ. ನಿಮ್ಮದೇ ಬೇರೆ ಒಳ್ಳೆಯ ಇಮೇಜಿನಿಂದ ಮೊದಲ 512 ಬೈಟ್ ತೆಗೆದು ಇದರ ಪ್ರತಿಯಲ್ಲಿ ಅಂಟಿಸಿ. ಫ್ಯಾಟ್ ಎರಡು ಪ್ರತಿ ಇದೆಯಲ್ಲ, ಒಂದು ಉಳಿದರೂ ಸಾಕು. ಟೆಸ್ಟ್‌ಡಿಸ್ಕ್ ಅನ್ನುವ ತಂತ್ರಾಂಶ ಇದರಲ್ಲಿ ಸಹಾಯ ಮಾಡುತ್ತದೆ. ಹೆಸರಿನ ಪಟ್ಟಿಯೂ ಇಲ್ಲ ಅಂದರೆ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಫೈಲಿನ ಆರಂಭವನ್ನು ಕಣ್ಣಿನಿಂದಲೇ ಹುಡುಕಬೇಕು. ಖಾಲಿ ಫ್ಲಾಪಿಗೆ ಒಂದೇ ಸಲ ತುಂಬಿದ ಫೈಲುಗಳು ಸಾಮಾನ್ಯವಾಗಿ ಸೆಕ್ಟರಿನ ಹಿಂದೆ ಸೆಕ್ಟರ್ ಸಾಲಾಗಿ ಕೂತಿರುತ್ತವೆ.

ಇನ್ನೊಂದು ಖುಷಿಯ ವಿಷಯ. ಡಾಸ್‌ನಲ್ಲಿ ಫೈಲ್ ಅಳಿಸಿದರೆ ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರವನ್ನು ಬದಲಾಯಿಸಿ, ಆ ಜಾಗ ಖಾಲಿ ಅಂತ ಫ್ಯಾಟ್‌ನಲ್ಲಿ ಗುರುತು ಹಾಕುತ್ತದೆ. ಒಳಗಿನ ಬರಹ ಹಾಗೇ ಇರುತ್ತದೆ, ಅದರ ಮೇಲೆ ಬೇರೆ ಏನನ್ನಾದರೂ ಬರೆಯುವವರೆಗೆ. ನಿಮ್ಮ ದೊಡ್ಡಪ್ಪ ಅಳಿಸಿದ ಹಳೆಯ ಕರಡುಗಳೂ ಇಮೇಜಿನಲ್ಲಿ ಸಿಗಬಹುದು.

ನ್ಯೂಜೆರ್ಸಿ ಕನ್ನಡಿಗ ಬರೆದದ್ದು:

ಒಂದು ಸೇರಿಕೆ. ಫ್ಲಾಪಿ ಆಪಲ್ ಮ್ಯಾಕಿಂಟಾಷ್‌ನದ್ದಾಗಿದ್ದರೆ ಇದೆಲ್ಲ ಸ್ವಲ್ಪ ಬದಲಾಗುತ್ತದೆ. ಮ್ಯಾಕಿನ 400 ಕೆಬಿ, 800 ಕೆಬಿ ಫ್ಲಾಪಿಗಳನ್ನು ಯುಎಸ್‌ಬಿ ಡ್ರೈವ್ ಓದುವುದೇ ಇಲ್ಲ. ಅವುಗಳಲ್ಲಿ ಹೊರಗಿನ ಟ್ರ್ಯಾಕಿಗೆ ಜಾಸ್ತಿ ಸೆಕ್ಟರ್, ಒಳಗಿನದಕ್ಕೆ ಕಡಿಮೆ. ಡ್ರೈವಿನ ವೇಗವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಮ್ಯಾಕಿನ 1.44 ಎಂಬಿಯವನ್ನು ಮಾತ್ರ ಇಮೇಜ್ ತೆಗೆಯಬಹುದು. ಈಗಿನ ಮ್ಯಾಕ್‌ಓಎಸ್ ಆ ಹಳೆಯ ಎಚ್‌ಎಫ್‌ಎಸ್ ವ್ಯವಸ್ಥೆಯ ಡಿಸ್ಕುಗಳನ್ನು ತೆರೆಯುವುದನ್ನು ಕ್ಯಾಟಲಿನಾ ಆವೃತ್ತಿಯಿಂದ ನಿಲ್ಲಿಸಿದೆ. ಲಿನಕ್ಸ್‌ನ ಎಚ್‌ಎಫ್‌ಎಸ್‌ಯುಟಿಲ್ಸ್ ಬೇಕಾಗುತ್ತದೆ. ನಿಮ್ಮವು ಡಾಸ್‌ನವೇ ಅನ್ನಿಸುತ್ತದೆ, ಓದುವ ಬೇರೆಯವರಿಗೆ ಉಪಯೋಗವಾಗಲಿ ಅಂತ ಬರೆದೆ.

ದಿನಚರಿ ಬರೆದದ್ದು:

ಹಳೆ ಫ್ಲಾಪಿಯಲ್ಲಿ ವೈರಸ್ ಇದ್ದರೆ ಈಗಿನ ಲ್ಯಾಪ್‌ಟಾಪಿಗೆ ಬರುವುದಿಲ್ಲವೇ? ಆಗ ಕಂಪ್ಯೂಟರ್ ಕ್ಲಾಸಿನಲ್ಲಿ ಅದೇ ದೊಡ್ಡ ಭಯ ಇತ್ತು.

ಅಚ್ಚುಮನೆ ಬರೆದದ್ದು:

ಭಯ ಸುಮ್ನೆ ಇರಲಿಲ್ಲ ಬಿಡಿ. 1990ರಲ್ಲಿ ಭಾರತದಲ್ಲೇ ಮೊದಲು ಸಿಕ್ಕ ಜೋಷಿ ವೈರಸ್ ಇತ್ತು. ಜನವರಿ 5ರಂದು ಪರದೆಯ ಮೇಲೆ "ಹ್ಯಾಪಿ ಬರ್ತ್‌ಡೇ ಜೋಷಿ" ಅಂತ ಟೈಪ್ ಮಾಡಲು ಹೇಳುತ್ತಿತ್ತು. ಮಾಡುವ ತನಕ ಕಂಪ್ಯೂಟರ್ ಅಲ್ಲಾಡುತ್ತಿರಲಿಲ್ಲ. ಅಂಥವೆಲ್ಲ ಬೂಟ್ ಸೆಕ್ಟರಿನಲ್ಲಿ ಕೂರುವ ವೈರಸ್‌ಗಳು. ಫ್ಲಾಪಿ ಒಳಗಿಟ್ಟು ಕಂಪ್ಯೂಟರ್ ಚಾಲೂ ಮಾಡಿದರೆ ಮಾತ್ರ ಅವಕ್ಕೆ ಜೀವ. ಚಾಲೂ ಆದ ಮೇಲೆ ಫ್ಲಾಪಿ ಹಾಕಿ ಇಮೇಜ್ ತೆಗೆದರೆ ಏನೂ ಆಗುವುದಿಲ್ಲ. ವರ್ಡ್ ಫೈಲುಗಳಲ್ಲಿ ಮ್ಯಾಕ್ರೋ ವೈರಸ್ ಇರಬಹುದು. ಮ್ಯಾಕ್ರೋ ನಡೆಸಲು ಒಪ್ಪಿಗೆ ಕೊಡದೆ ಲಿಬ್ರೆಆಫೀಸಿನಲ್ಲಿ ತೆರೆದರೆ ಸಾಕು.

ಈಗ ಫಾಂಟಿನ ಮಾತಿಗೆ ಬರುತ್ತೇನೆ. ತಂಗಿ, ಫೈಲ್ ತೆರೆದಾಗ ನಿಮಗೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರ, ನೆತ್ತಿಯ ಮೇಲೆ ಚುಕ್ಕೆ ಗೀಟು ಇರುವ ಯುರೋಪಿನ ಅಕ್ಷರ, ಪೌಂಡಿನ ಚಿಹ್ನೆ ಇಂಥವೇ ಸಾಲುಸಾಲಾಗಿ ಕಾಣುತ್ತವೆ. ಫೈಲ್ ಕೆಟ್ಟಿದೆ ಅಂತ ಎಸೆದವರನ್ನು ನಾನು ನೋಡಿದ್ದೇನೆ. ಅದು ಕೆಟ್ಟಿಲ್ಲ.

ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು. ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಖಾಯಂ ನಂಬರು ಕೊಡುವ ಪದ್ಧತಿ. ಆದರೆ ನಮ್ಮ ಮೇಜಿನ ಮೇಲಿನ ವಿಂಡೋಸ್‌ಗೆ ಅದು ಬಂದದ್ದು 2001ರ ಎಕ್ಸ್‌ಪಿ ಜೊತೆಗೆ, ತುಂಗಾ ಫಾಂಟಿನಲ್ಲಿ. ಅಲ್ಲಿಯವರೆಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ, ಬರಹ ಹೀಗೆ ಒಂದೊಂದೂ ತನ್ನದೇ ದಾರಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿತ್ತು. ಫೈಲಿನಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ತುಂಡುಗಳ ನಂಬರು. ಯಾವ ನಂಬರಿಗೆ ಯಾವ ತುಂಡು ಅನ್ನುವುದು ಫಾಂಟಿನೊಳಗೆ ಮಾತ್ರ ಗೊತ್ತು. ಫಾಂಟ್ ಕಳೆದರೆ ಫೈಲ್ ಇದ್ದೂ ಇಲ್ಲದ ಹಾಗೆ. ಅದಕ್ಕೇ ಆ ಫ್ಲಾಪಿ ಮೊದಲು ಅಂದದ್ದು.

ಇದು ನನಗೆ ಬಹಳ ಮುಖ್ಯವಾದ ವಿಷಯ, ಸ್ವಲ್ಪ ಉದ್ದವಾದರೂ ಹೇಳಲೇಬೇಕು. ಆ ಹತ್ತು ಹದಿನೈದು ವರ್ಷಗಳಲ್ಲಿ ಕನ್ನಡದಲ್ಲಿ ಎಷ್ಟು ಸ್ಮರಣ ಸಂಚಿಕೆ, ಎಷ್ಟು ಸಣ್ಣ ಪತ್ರಿಕೆ, ಎಷ್ಟು ಪ್ರಬಂಧ ಟೈಪ್ ಆಗಿವೆ! ಫ್ಲಾಪಿ ಓದಲು ಬಾರದೆ ಕೆಲವು ಹೋದವು. ಫ್ಲಾಪಿ ಓದಿದರೂ ಫಾಂಟ್ ಇಲ್ಲದೆ ಇನ್ನಷ್ಟು ಹೋಗುತ್ತಿವೆ. ಇಂಗ್ಲಿಷಿನ ಹಳೆ ಫೈಲ್ ಉಳಿಸುವವರಿಗೆ ಒಂದೇ ಬೀಗ. ನಮಗೆ ಎರಡು. ಎರಡನೇ ಬೀಗದ ಕೀಲಿ ಗೊತ್ತಿರುವ ಆಪರೇಟರುಗಳಿಗೆ ಈಗ ವಯಸ್ಸಾಗಿದೆ. ಮನೆಯಲ್ಲಿ ಡಬ್ಬಿ ಇರುವವರು ಇನ್ನು ತಡ ಮಾಡಬಾರದು.

ಒಳಗಿರುವ ಫೈಲುಗಳ ಬಾಲ, ಅಂದರೆ ಹೆಸರಿನಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳು, ಏನು ಅಂತ ಹೇಳಿ.

ಹೊಳೆಸಾಲು ಬರೆದದ್ದು:

ಸೋಬಾನೆ ಮತ್ತು ನಾಟಿ ಹಾಡು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 6.5ರ ಫೈಲುಗಳು. ಬೀಸುವ ಪದ ಬರೀ ಟೆಕ್ಸ್ಟ್ ಫೈಲು, ನೀವು ಹೇಳಿದ ಹಾಗೇ ವಿಚಿತ್ರ ಅಕ್ಷರಗಳು. "ಫಾಂಟ್" ಡಿಸ್ಕಿನಲ್ಲಿ ಟಿಟಿಎಫ್ ಅನ್ನುವ ಫಾಂಟ್ ಫೈಲುಗಳಿವೆ. ಬ್ಯಾಕಪ್ ಡಿಸ್ಕುಗಳು ಪಿಕೆಜಿಪ್‌ನವೇ ಆಗಿದ್ದವು ಅಣ್ಣ, ಡಾಸ್‌ಬಾಕ್ಸ್‌ನಲ್ಲಿ ಬಿಚ್ಚಿಕೊಂಡವು. ಅದರಲ್ಲಿ "ಸೋಬಾನೆ 2"ರ ಒಂದು ಹಳೆಯ ಪ್ರತಿಯೂ ಇದೆ! ಪೂರ್ತಿಯಲ್ಲ, ಆದರೂ ಅರ್ಧಕ್ಕಿಂತ ಜಾಸ್ತಿ ಇದೆ. ಉಳಿದ ಭಾಗಕ್ಕೆ ಇನ್ನೊಂದು ಡ್ರೈವ್ ಹುಡುಕುತ್ತಿದ್ದೇನೆ.

ಅಚ್ಚುಮನೆ ಬರೆದದ್ದು:

6.5 ಅಂದರೆ ಸುಲಭ. ಟಿಟಿಎಫ್ ಫಾಂಟುಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಆಮೇಲೆ ಲಿಬ್ರೆಆಫೀಸ್ ಡ್ರಾ ತೆರೆಯಿರಿ. ಅದು ಪೇಜ್‌ಮೇಕರ್ 6 ಮತ್ತು 7ರ ಸರಣಿಯ ಫೈಲುಗಳನ್ನು ಓದುತ್ತದೆ. ಪುಟದ ಅಂದ ಹಾಗೇ ಬರದೇ ಇರಬಹುದು, ಅಕ್ಷರ ಬಂದರೆ ಸಾಕು. ಪೇಜ್‌ಮೇಕರ್ 5 ಆಗಿದ್ದರೆ ಹಳೆ ವಿಂಡೋಸ್ ಹಾಕಿದ ವರ್ಚುವಲ್ ಮಷೀನಿನಲ್ಲಿ ಪೇಜ್‌ಮೇಕರನ್ನೇ ನಡೆಸಬೇಕಿತ್ತು. ಆಗಿನ ಕನ್ನಡ ತಂತ್ರಾಂಶಗಳಲ್ಲಿ ಹಲವಕ್ಕೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಬೇಕಿತ್ತು. ಆದರೆ ಅದು ಟೈಪ್ ಮಾಡುವುದಕ್ಕೆ. ನೋಡಲು ಫಾಂಟ್ ಒಂದಿದ್ದರೆ ಆಯಿತು.

ಕನ್ನಡವಾಗಿ ಕಂಡ ತಕ್ಷಣ ಪ್ರತಿ ಫೈಲಿನ ಪಿಡಿಎಫ್ ಮಾಡಿಟ್ಟುಕೊಳ್ಳಿ, ಫಾಂಟ್ ಒಳಗೇ ಸೇರಿರುವ ಹಾಗೆ. ಮುಂದೆ ಯುನಿಕೋಡ್ ಮಾಡುವಾಗ ತಾಳೆ ನೋಡಲು ಅದೇ ಆಧಾರ.

ಕುಡ್ಲದ ಪೆಂಗ್ವಿನ್ ಬರೆದದ್ದು:

ಯುನಿಕೋಡ್ ಮಾಡುವ ದಾರಿ ಫಾಂಟ್ ಯಾವುದು ಅನ್ನುವುದರ ಮೇಲೆ ನಿಂತಿದೆ. ನುಡಿ ಅಥವಾ ಬರಹದ ಫಾಂಟ್ ಆಗಿದ್ದರೆ ಸಿದ್ಧ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬೇರೆ ಆಗಿದ್ದರೆ ನಾವೇ ಕೋಷ್ಟಕ ಮಾಡಬೇಕು. ಫಾಂಟ್ ತಿದ್ದುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ಟಿಟಿಎಫ್ ತೆರೆದರೆ ಯಾವ ನಂಬರಿನಲ್ಲಿ ಯಾವ ತುಂಡು ಅಂತ ಮನೆಮನೆಯಾಗಿ ಕಾಣುತ್ತದೆ. ಅದನ್ನು ನೋಡಿ ಪಟ್ಟಿ ಬರೆಯಬೇಕು. ಬೇಸರದ ಕೆಲಸ, ಕಷ್ಟದ್ದಲ್ಲ.

ಸಿ-ಡ್ಯಾಕ್‌ನ ಜಿಸ್ಟ್ ತಂತ್ರಜ್ಞಾನ ಬಳಸಿ ಮಾಡಿದ ಕೆಲವು ಹಳೆ ಫೈಲುಗಳು ಇಸ್ಕಿಯಲ್ಲಿರುತ್ತವೆ. ಅದು ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ 1991ರ ಭಾರತೀಯ ಮಾನಕ. ಅದರಲ್ಲಿ ತುಂಡಲ್ಲ, ನಿಜವಾದ ಅಕ್ಷರಗಳೇ ಉಚ್ಚಾರದ ಕ್ರಮದಲ್ಲಿರುತ್ತವೆ. ವಿಂಡೋಸ್‌ನಲ್ಲಿ ಅದಕ್ಕೆ 57008 ಅನ್ನುವ ಕೋಡ್ ಪೇಜ್ ಇದೆ, ಪರಿವರ್ತನೆ ನೇರ. ಡಬ್ಬಿಯಲ್ಲಿ ಅಂಥದ್ದು ಸಿಕ್ಕರೆ ನಿಮ್ಮ ಅದೃಷ್ಟ.

ಹೊಳೆಸಾಲು ಬರೆದದ್ದು:

ಫಾಂಟ್ ಹಾಕಿ ಫೈಲ್ ತೆರೆದೆ. "ಸೋಬಾನೆ" ಅಂತ ಕನ್ನಡದಲ್ಲಿ ಕಂಡಿತು. ಅಮ್ಮ ಪಕ್ಕದಲ್ಲೇ ಇದ್ದರು. ಮೊದಲ ಹಾಡನ್ನು ಪರದೆ ನೋಡಿಕೊಂಡು ರಾಗವಾಗಿ ಹೇಳಿದರು. ಅವರಿಗೆ ಕೊನೆಯ ನುಡಿಗಳು ಮರೆತೇ ಹೋಗಿದ್ದವು. ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಐದೂಕಾಲು ಇಂಚಿನವು ಬಾಕಿ ಇವೆ. ಅವುಗಳಿಗೆ ಯುಎಸ್‌ಬಿ ಡ್ರೈವ್ ಅಂಗಡಿಯಲ್ಲಿ ಎಲ್ಲೂ ಇಲ್ಲ ಅನ್ನುತ್ತಾರೆ.

ಬೆಸುಗೆ ಬರೆದದ್ದು:

ಇಲ್ಲ, ಆ ಯುಎಸ್‌ಬಿ ಡ್ರೈವುಗಳೆಲ್ಲ ಮೂರೂವರೆ ಇಂಚಿಗೆ ಮಾತ್ರ. ಐದೂಕಾಲಿಗೆ ಹಳೆಯ ಡ್ರೈವನ್ನೇ ಹುಡುಕಬೇಕು. ಅದರ 34 ಪಿನ್ನಿನ ಕೇಬಲ್ಲಿಗೆ ಈಗಿನ ಮದರ್‌ಬೋರ್ಡಿನಲ್ಲಿ ಜಾಗವಿಲ್ಲ. ನಡುವೆ ಗ್ರೀಸ್‌ವೀಜಲ್ ಅನ್ನುವ ಸಣ್ಣ ಬೋರ್ಡ್ ಬೇಕು. ಕೀರ್ ಫ್ರೇಸರ್ ಅನ್ನುವವರು ಮಾಡಿದ್ದು, ವಿನ್ಯಾಸ ಎಲ್ಲರಿಗೂ ಮುಕ್ತ. ಒಂದು ಕಡೆ ಡ್ರೈವಿನ ಕೇಬಲ್, ಇನ್ನೊಂದು ಕಡೆ ಯುಎಸ್‌ಬಿ. ಐದೂಕಾಲಿನ ಡ್ರೈವಿಗೆ 5 ವೋಲ್ಟ್ ಜೊತೆ 12 ವೋಲ್ಟ್ ಕೂಡ ಬೇಕು, ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಸಾಕಾಗುತ್ತದೆ.

ಇದರ ವಿಶೇಷ ಏನೆಂದರೆ ಇದು ಸೆಕ್ಟರ್ ಕೇಳುವುದಿಲ್ಲ. ಹಾಳೆಯ ಮೇಲೆ ಕಾಂತೀಯ ದಿಕ್ಕು ಎಲ್ಲೆಲ್ಲಿ ಬದಲಾಗುತ್ತದೆ, ಎಷ್ಟು ಅಂತರದಲ್ಲಿ, ಅದನ್ನೇ ದಾಖಲಿಸುತ್ತದೆ. ಒಂದೇ ಟ್ರ್ಯಾಕನ್ನು ಹಲವು ಸುತ್ತು ಕೇಳಿಸಿಕೊಳ್ಳುತ್ತದೆ. ಅರ್ಥ ಮಾಡುವ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ. ಡಾಸ್, ಮ್ಯಾಕ್, ಅಮಿಗಾ, ಬಿಬಿಸಿ ಮೈಕ್ರೋ ಹೀಗೆ ಯಾವ ಹಳೆ ಕಂಪ್ಯೂಟರಿನದಾದರೂ ಸರಿ. ನಿಮ್ಮ "ಸೋಬಾನೆ 2"ರ ಮೊದಲ ಟ್ರ್ಯಾಕನ್ನೂ ಇದರಲ್ಲಿ ನೋಡಬಹುದು.

ನಾನು ಪೀಣ್ಯದಲ್ಲಿ, ಕಂಪ್ಯೂಟರ್ ಆದೇಶದಂತೆ ಲೋಹ ಕೊರೆಯುವ ಹಳೆಯ ಸಿಎನ್‌ಸಿ ಯಂತ್ರಗಳ ರಿಪೇರಿ ಮಾಡುವವನು. ಇಂಥ ಯಂತ್ರಗಳಲ್ಲಿ ಇವತ್ತಿಗೂ ಪ್ರೋಗ್ರಾಮ್ ಫ್ಲಾಪಿಯಿಂದ ಹೋಗುವಂಥವು ಇವೆ. ಅವುಗಳಿಗೆ ಗೋಟೆಕ್ ಅನ್ನುವ, ಪೆನ್‌ಡ್ರೈವನ್ನೇ ಫ್ಲಾಪಿಯಂತೆ ತೋರಿಸುವ ಪೆಟ್ಟಿಗೆ ಕೂರಿಸುತ್ತೇವೆ. ಹಾಗಾಗಿ ನನ್ನ ಬೆಂಚಿನಲ್ಲಿ 1.2 ಎಂಬಿಯ ಐದೂಕಾಲು ಡ್ರೈವ್ ಇದೆ, ಗ್ರೀಸ್‌ವೀಜಲ್ ಇದೆ. ನಿಮ್ಮವು 360 ಕೆಬಿ ಡಿಸ್ಕ್ ಆಗಿದ್ದರೂ ಪರವಾಗಿಲ್ಲ. ಅವುಗಳಲ್ಲಿ 40 ಟ್ರ್ಯಾಕ್ ಇರುತ್ತದೆ, ಈ ಡ್ರೈವಿನಲ್ಲಿ 80. ಒಂದು ಬಿಟ್ಟು ಒಂದು ಹೆಜ್ಜೆ ಹಾಕಿಸಿ ಓದುತ್ತೇನೆ. ಈ ಡ್ರೈವಿನಲ್ಲಿ ಅವುಗಳ ಮೇಲೆ ಬರೆಯಬಾರದು ಅಷ್ಟೇ, ಓದಲು ಅಡ್ಡಿಯಿಲ್ಲ. ದುಡ್ಡೇನೂ ಬೇಡ. ಕೊರಿಯರ್‌ನಲ್ಲಿ ಕಳಿಸಬೇಡಿ, ಬಗ್ಗಿದರೆ ಕಷ್ಟ. ಬೆಂಗಳೂರಿನಲ್ಲೇ ಇದ್ದರೆ ಎರಡು ರಟ್ಟುಗಳ ನಡುವೆ ಇಟ್ಟು ಕೈಯಲ್ಲೇ ತನ್ನಿ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ.

ದಿನಚರಿ ಬರೆದದ್ದು:

ಪಿಡಿಎಫ್ ಇದೆಯಲ್ಲ, ಅದನ್ನೇ ಒಸಿಆರ್ (ಚಿತ್ರ ನೋಡಿ ಅಕ್ಷರ ಗುರುತಿಸುವುದು) ಮಾಡಿದರೆ ಕೋಷ್ಟಕ ಮಾಡುವ ಕಷ್ಟವೇ ಇಲ್ಲ ಅಲ್ವಾ? ಟೆಸರಾಕ್ಟ್ ಅನ್ನುವ ಒಸಿಆರ್ ತಂತ್ರಾಂಶ ಕನ್ನಡ ಓದುತ್ತದೆ.

ಅಚ್ಚುಮನೆ ಬರೆದದ್ದು:

ಫಾಂಟ್ ಇಲ್ಲದೆ ಕಾಗದದ ಪ್ರತಿ ಮಾತ್ರ ಉಳಿದಿದ್ದರೆ ಅದೇ ದಾರಿ. ಆದರೆ ಇಲ್ಲಿ ಅದು ಬೇಡ. ಒಸಿಆರ್ ಊಹೆ ಮಾಡುತ್ತದೆ. ಇವು ಹಳ್ಳಿಯ ಹಾಡುಗಳು, ನಿಘಂಟಿನಲ್ಲಿ ಇಲ್ಲದ ಮಾತುಗಳೇ ಜಾಸ್ತಿ. ಅದು ತನಗೆ ಗೊತ್ತಿರುವ ಪದ ಹಾಕಿಬಿಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ. ಕೋಷ್ಟಕದ ತಪ್ಪು ಹಾಗಲ್ಲ. ತಪ್ಪಿದರೆ ಎಲ್ಲ ಕಡೆ ಒಂದೇ ಥರ ತಪ್ಪುತ್ತದೆ, ಹಿಡಿದು ತಿದ್ದಬಹುದು. ಸ್ಪೆಲ್‌ಚೆಕ್ಕನ್ನೂ ಇದಕ್ಕೆ ಹಚ್ಚಬೇಡಿ.

ಹೊಳೆಸಾಲು ಬರೆದದ್ದು:

ಪೆಂಗ್ವಿನ್ ಅವರು ಕೋಷ್ಟಕ ಮಾಡಿಕೊಟ್ಟರು, ಬೀಸುವ ಪದದ ಫೈಲನ್ನು ಅದರಲ್ಲಿ ಹಾಯಿಸಿದೆ. ಬಹುಪಾಲು ಸರಿಯಾಗಿ ಬಂತು. ಎರಡು ಕಡೆ ತೊಂದರೆ ಕಾಣುತ್ತಿದೆ. "ಧರ್ಮ" ಅನ್ನುವುದು "ಧಮರ್" ಅಂತ ಬರುತ್ತದೆ. ಕೆಲವು ಕಡೆ "ಮ" ಇರಬೇಕಾದಲ್ಲಿ "ವು" ಬಂದಿದೆ. ಒಂದೊಂದಾಗಿ ಹುಡುಕಿ ಬದಲಾಯಿಸಿಬಿಡಲೇ?

ಅಚ್ಚುಮನೆ ಬರೆದದ್ದು:

ಬೇಡ ತಂಗಿ, ಹಾಗೆ ಬದಲಾಯಿಸಿದರೆ ನಿಜವಾದ "ವು" ಕೂಡ "ಮ" ಆಗಿಬಿಡುತ್ತದೆ. "ಹೂವು" ಹೋಗಿ "ಹೂಮ" ಆಗುತ್ತದೆ. ಕೋಷ್ಟಕದಲ್ಲೇ ಸರಿಮಾಡಬೇಕು. ಇಂಥ ಫಾಂಟುಗಳಲ್ಲಿ "ಮ" ಒಂದೇ ತುಂಡಾಗಿ ಇರುವುದಿಲ್ಲ. "ವ"ದ ತುಂಡುಗಳಿಗೆ ಒಂದು ಬಾಲ ಸೇರಿಸಿ ಮಾಡಿರುತ್ತಾರೆ. "ವು" ಮಾಡುವ ಕೊಂಬು ಬೇರೆ, ಅದರ ನಂಬರೂ ಬೇರೆ. ನೋಡಲು ಒಂದೇ ಥರ ಇರುವುದರಿಂದ ಪೆಂಗ್ವಿನ್ ಅವರ ಪಟ್ಟಿಯಲ್ಲಿ ಎರಡೂ ಒಂದೇ ಆಗಿರಬೇಕು. ಉದ್ದದ ಜೋಡಣೆಗಳನ್ನು ಮೊದಲು ಬದಲಾಯಿಸಿ, ಬಿಡಿ ತುಂಡುಗಳನ್ನು ಕೊನೆಗೆ ಬದಲಾಯಿಸುವ ಹಾಗೆ ಕ್ರಮ ಇಡಿ.

"ಧರ್ಮ"ದ್ದು ಅರ್ಕಾವತ್ತಿನ ಸಮಸ್ಯೆ. ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ "ಮ" ಆದ ಮೇಲೆ ಇರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಹಾಗೆ "ರ್" ಮೊದಲು ಬರಬೇಕು. ಅರ್ಕಾವತ್ತು ಸಿಕ್ಕಿದಲ್ಲೆಲ್ಲ ಅದರ ಹಿಂದಿನ ಪೂರ್ತಿ ಅಕ್ಷರವನ್ನು, ಒತ್ತು ಗುಣಿತ ಸಮೇತ, ದಾಟಿಸಿ ಮುಂದಕ್ಕೆ ತರುವ ಒಂದು ನಿಯಮ ಸೇರಿಸಬೇಕು. ಒಂದೇ ಅಕ್ಷರ ದಾಟಿಸಿದರೆ "ಸೂರ್ಯ" ಸರಿಯಾಗುತ್ತದೆ, "ಮರ್ತ್ಯ" ಥರದ್ದು ಕೆಡುತ್ತದೆ.

ಮೂಲ ಟೆಕ್ಸ್ಟ್ ಫೈಲ್, ಟಿಟಿಎಫ್ ಮತ್ತು ಈಗಿನ ಕೋಷ್ಟಕ ಮೂರನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ ನನಗೂ ಪೆಂಗ್ವಿನ್ ಅವರಿಗೂ ಕಳಿಸಿ. ನಿಯಮ ಸೇರಿಸಿದ ಮೇಲೆ ಮತ್ತೆ ಹಾಯಿಸೋಣ. ಪ್ರೂಫ್ ನಾನು ನೋಡುತ್ತೇನೆ. ಮಾತಿನ ಅನುಮಾನ ಬಂದ ಕಡೆ ಗುರುತು ಹಾಕಿರುತ್ತೇನೆ, ಅಮ್ಮನ ಹತ್ತಿರ ಕೇಳಿ ಹೇಳಿ.